ಉಳಿದ ರೊಕ್ಕ ಕೊಟ್ಟವರು

ಶೇಡಬಾಳ ಸ್ಟೇಶನ್ನಿನಲ್ಲಿ ಹತ್ತಿದ ಮುದುಕಿ ಕಿಟಕಿ ಬಳಿಯಿದ್ದ ನನ್ನ ಪಕ್ಕ ಕೂತವಳೇ, ಮಗಳು ತೆಗೆಸಿಕೊಟ್ಟ ಟಿಕೆಟ್ಟನ್ನು ನನ್ನ ಕೈಗಿಟ್ಟಳು. “ಎಲ್ಲಾ ಓದ್ರಿ ಸಾಹೇಬ್ರ, ಒಂದ ಅಕ್ಷರ ಬಿಡಬ್ಯಾಡ್ರಿ.” ಕಾಗವಾಡದ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡುವ ಆಕೆಗೆ ಇದು ಮೊದಲ ರೈಲು.

ಊರು, ಸೀಟು, ದರ ಓದಿದೆ. ಕೆಳಗಿನ ಸಣ್ಣಕ್ಷರದ ಸಾಲನ್ನೂ ಕನ್ನಡದಲ್ಲಿ ಹೇಳಿದೆ: ಈ ದರದಿಂದ ಪ್ರಯಾಣದ ಪೂರ್ತಿ ಖರ್ಚು ಹುಟ್ಟುವುದಿಲ್ಲ, ಉಳಿದದ್ದನ್ನು ದೇಶದ ಸಾಮಾನ್ಯ ಜನ ಹೊರುತ್ತಾರೆ.

ಮುದುಕಿ ದಿಗಿಲುಬಿದ್ದು ಎದ್ದೇ ನಿಂತಳು. “ನನ್ನ ಸಲುವಾಗಿ ಮಂದಿ ಕಡೆ ರೊಕ್ಕದ ಪಟ್ಟಿ ಎತ್ತ್ಯಾರೇನ್ರಿ? ನಮ್ಮ ಗುಡಿಯಾಗ ನೆಲಕ್ಕ ಒಂದ ಫರಸಿಕಲ್ಲ ಕೊಟ್ಟವರದೂ ಹೆಸರ ಬರದಾರ. ಇವರ ಹೆಸರ ಎಲ್ಲೈತಿ?” ಬೋಗಿಯ ಗೋಡೆಯ ಬರಹವೊಂದನ್ನು ತೋರಿಸಿ ಓದಿಸಿದಳು. ಅದು ಸುಮ್ಮನೆ ಚೈನು ಎಳೆಯಬಾರದೆಂಬ ಎಚ್ಚರಿಕೆ.

“ಪಟ್ಟಿ ಅಲ್ಲ ಆಯಿ, ಸರಕಾರದ ರೊಕ್ಕ. ನೀವು ಸಾಬಾಣ, ಚಾಪುಡಿ ತಗೊಂಡಾಗ ತೆರಿಗಿ ಹೋಗತೈತಲ್ಲ, ಅದರಾಗಿಂದು” ಎಂದೆ.

ಆಕೆ ಬೆರಳು ಮಡಚಿ ಎಣಿಸತೊಡಗಿದಳು. “ಸಾಬಾಣ ನಾ ತಿಳಿವಳಿಕಿ ಬಂದಾಗಿಂದ ತಗೋತೀನಿ. ರೈಲ ಇವತ್ತ ಹತ್ತೀನಿ. ಅಂದ್ರ ಇಷ್ಟ ವರ್ಷ ನಿಮ್ಮ ಟಿಕೀಟಿನ ಉಳಿದ ರೊಕ್ಕ ನಾ ಕೊಟ್ಟೀನಿ?”

ನಾನು ತಿಂಗಳಿಗೆರಡು ಸಲ ಇದೇ ರೈಲಿನಲ್ಲಿ ಬೆಳಗಾವಿಗೆ ಓಡಾಡುವವನು. ಆ ಸಾಲನ್ನು ನಾನು ಎಷ್ಟು ಸಲ ಮಡಚಿ ಜೇಬಿಗೆ ಹಾಕಿಕೊಂಡಿದ್ದೇನೋ!

“ಏಳ್ರಿ ಹಂಗಾರ,” ಎಂದಳು ಆಯಿ, ಸೆರಗು ಬಿಗಿದುಕೊಳ್ಳುತ್ತ. “ಕಿಡಕಿ ಕಡೆ ನಾ ಕುಂದರತೀನಿ.”