ಬಳೆ ತೊಟ್ಟ ಸಿಪಾಯಿ

ಕುಂಬಾರರಾದ ನಮ್ಮಲ್ಲಿ ಹೆಂಗಸರು ತಿಗರಿ ಮುಟ್ಟುವಂತಿಲ್ಲ. ಮಣ್ಣು ತುಳಿಯಬಹುದು, ಆವಿಗೆಯ ಹೊಗೆ ಕುಡಿಯಬಹುದು, ಬಣ್ಣ ಬಳಿಯಬಹುದು. ತಿಗರಿ ತಿರುಗಿಸುವುದು ಮಾತ್ರ ಗಂಡಸರದು. ಗಂಡ ಸತ್ತ ಮೇಲೆ ಅದು ಮೈದುನನ ಪಾಲಿಗೆ ಹೋಯಿತು. ಕುಂಚ ನನ್ನಲ್ಲೇ ಉಳಿಯಿತು.

ಹೋದ ವರ್ಷ ಹುಬ್ಬಳ್ಳಿಯ ವಿದ್ಯಾನಗರದಿಂದ ಚಿತ್ರಕಲೆಯ ಮಾಸ್ತರರೊಬ್ಬರು ಧಾರವಾಡದ ನಮ್ಮ ಮನೆಗೆ ಬಂದರು. ಫೋನಿನಲ್ಲಿ ಗ್ರೀಕರ ಹಳೆಯ ಗಡಿಗೆಗಳನ್ನು ತೋರಿಸಿದರು. ಕೆಂಪು ಮಣ್ಣಿನ ಮೇಲೆ ಕರಿ ಸಿಪಾಯಿಗಳು, ಕೈಯಲ್ಲಿ ಈಟಿ, ದುಂಡನೆಯ ಢಾಲು. ಕಾಲೇಜಿನ ಪ್ರದರ್ಶನಕ್ಕೆ ಅಂಥವೇ ನಾಲ್ಕು ಬೇಕೆಂದರು. ಮೈದುನ ಗಡಿಗೆ ಮಾಡಿಕೊಟ್ಟ. ನಾನು ಸುಟ್ಟು, ಕರಿ ಬಣ್ಣದಲ್ಲಿ ಸಿಪಾಯಿಗಳನ್ನು ಬರೆದು, ದಬ್ಬಣದಿಂದ ಗೀರಿ ಕಣ್ಣು, ಬೆರಳು ತೆಗೆದೆ. ಗೀರಿದಲ್ಲಿ ಕೆಳಗಿನ ಕೆಂಪು ಕಾಣುತ್ತದೆ.

ಮಾಸ್ತರರು ತೋರಿಸಿದ ಚಿತ್ರದಲ್ಲಿ ಒಬ್ಬ ಸಿಪಾಯಿಯ ಬೆನ್ನ ಮೇಲೆ ಹೆರಳು ಇಳಿಬಿದ್ದಿತ್ತು. ಹೆಣ್ಣೆಂದೇ ತಿಳಿದೆ. ಬರಿಗೈ ಚಂದ ಕಾಣಲಿಲ್ಲ. ಈಟಿ ಹಿಡಿದ ಕೈತುಂಬ ಬಳೆ ಗೀರಿದೆ.

ಒಯ್ಯಲು ಬಂದ ಮಾಸ್ತರರು ನೋಡಿ ನಕ್ಕರು. ಅದು ಹೆರಳಲ್ಲವಂತೆ, ತಲೆಯ ಟೊಪ್ಪಿಗೆಗೆ ಕಟ್ಟಿದ ಕುದುರೆ ಕೂದಲಂತೆ. ಮೈದುನನಿಗೆ ಅಷ್ಟೇ ಸಾಕಾಯಿತು.

"ಬಳಿ ತೊಟ್ಕೊಂಡು ಯಾಂವ ಯುದ್ಧಕ್ಕ ಹೋಗ್ತಾನ, ವೈನಿ?"

"ನಿಮ್ಮಣ್ಣ ಇದ್ದಾಗ ಬಳಿ ತೊಟ್ಟ ಕೈಲೇನ ಆವಿಗಿಗೆ ಉರಿ ಹಾಕೇನಿ. ನೀ ದೂರ ನಿಂತು ಬೀಡಿ ಸೇದೀದಿ."

ತಪ್ಪು ನನ್ನದೇ, ಮಾಸ್ತರರು ಸುಳ್ಳಾಡಲಿಲ್ಲ. ಬಳೆಯ ಮೇಲೆ ಕಪ್ಪು ಸವರಿಬಿಡಿ ಎಂದರು. ಒಲ್ಲೆ ಎಂದೆ. ಆಗ ಇನ್ನೊಂದು ದಾರಿ ಹೇಳಿದರು. ಆ ದೇಶದ ಗಡಿಗೆಗಳ ಮೇಲೆ ಯುದ್ಧ ಮಾಡುವ ಹೆಂಗಸರೂ ಇದ್ದಾರೆ, ಆದರೆ ಹೆಣ್ಣಿನ ಮೈಗೆ ಬಿಳಿ ಬಳಿಯುತ್ತಾರೆ. ಮುಖಕ್ಕೆ, ಕೈಕಾಲಿಗೆ ಬಿಳಿ ಹಚ್ಚಿದರೆ ಒಯ್ಯುತ್ತೇನೆ ಎಂದರು.

ಯಾಕೆ ಬಿಳಿ ಎಂದು ಕೇಳಿದೆ.

"ಅಲ್ಲಿ ಹೆಂಗಸರು ಮನಿಯೊಳಗ ಇರ್ತಿದ್ರು, ಅಜ್ಜಿ. ಬಿಸಲಿಗೆ ಬರ್ತಿರಲಿಲ್ಲ."

"ಈಕಿ ಬಂದಾಳಲ್ರಿ. ಮನ್ಯಾಗ ಕುಂತಾಕಿ ಈಟಿ ಹಿಡೀತಾಳೇನ್ರಿ? ನಾ ಬಿಳಿ ಹಚ್ಚೂದಿಲ್ಲ."

ಮೈದುನ ಸುಣ್ಣದ ಡಬ್ಬಿ ತಂದು ಮುಂದಿಟ್ಟ. ನಿನ್ನ ಹಟಕ್ಕೆ ಗಿರಾಕಿ ಕೈಬಿಟ್ಟು ಹೋಗುತ್ತದೆ ಎಂದ. ಹೋದರೆ ಹೋಗಲಿ. ಈ ಮನೆಗೆ ಬಂದಾಗಿನಿಂದ ಇವರು ಮಾಡಿದ ಗಡಿಗೆಗೆ ಇವರು ಹೇಳಿದ ಹೂವು ಬಳ್ಳಿ ಬರೆದಿದ್ದೇನೆ. ತಪ್ಪಿನಿಂದಲೇ ಹುಟ್ಟಿರಲಿ, ಈಕೆಯೊಬ್ಬಳು ನನ್ನವಳು. ಕುಂಚ ತೊಳೆದು ಒಳಗಿಟ್ಟೆ.

ಮಾಸ್ತರರು ಮೂರನ್ನು ಒಯ್ದರು, ಮತ್ತೆ ಬಂದಿಲ್ಲ. ಉಳಿದ ಗಡಿಗೆಯನ್ನು ಬಾಗಿಲ ಪಕ್ಕ ಇಟ್ಟು ಕುಡಿಯುವ ನೀರು ತುಂಬಿದೆ, ಬಳೆ ಓಣಿಗೆ ಕಾಣುವಂತೆ. ಮೈದುನ ಬಂದಾಗಲೆಲ್ಲ ಆಕೆಯ ಮುಖವನ್ನು ಗೋಡೆಯ ಕಡೆ ಮಾಡುತ್ತಾನೆ, ನೀರು ಕುಡಿದು ಹೋಗುತ್ತಾನೆ. ನಾನು ಎದ್ದು ಹೋಗಿ ಮತ್ತೆ ಓಣಿಯ ಕಡೆ ತಿರುಗಿಸುತ್ತೇನೆ.