ಗಿರಿಜಕ್ಕ ನಿಲ್ಲಿಸದ ಧಾರಾವಾಹಿ

ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ತಲೆಯ ಮೇಲೆ ತೂಗುವ ಹಿಡಿಕೆಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಉಳಿದ ಬಲಗೈಯೊಂದರಿಂದಲೇ ಗಿರಿಜಕ್ಕ ಒಂದು ಅವಿಭಕ್ತ ಕುಟುಂಬವನ್ನು ನಡೆಸುತ್ತಿದ್ದರು. ತೋರುಬೆರಳು ಮೇಲೆದ್ದರೆ ಅತ್ತೆ. ಅಂಗೈ ಕೆನ್ನೆಗೆ ಹೋದರೆ ನಾದಿನಿ. ಮುಷ್ಟಿ ಬಿಗಿಯಾದರೆ ಗಂಡ. ಐದೂ ಬೆರಳು ಒಟ್ಟಾಗಿ ಸೆರಗಿನ ಅಂಚನ್ನು ಹುಡುಕಿದರೆ ಅದು ಸುಮೇಧಾ, ಧಾರಾವಾಹಿಯ ನಾಯಕಿ. ಕೂರಲು ಜಾಗವಿದ್ದರೂ ಕಥೆ ಹೇಳುವಾಗ ಅವರು ಕೂರುತ್ತಿರಲಿಲ್ಲ. ಕೂತರೆ ಅತ್ತೆಯ ಸ್ವರ ಹೊರಡುವುದಿಲ್ಲ ಎನ್ನುತ್ತಿದ್ದರು.

ಡೊಂಬಿವ್ಲಿ ಪೂರ್ವದಲ್ಲಿ ನಮ್ಮ ಪಕ್ಕದ ಮನೆ ಅವರದು. ಉಡುಪಿಯ ಕಡೆಯವರು, ಮದುವೆಯಾಗದೆ ಒಬ್ಬರೇ ಇದ್ದವರು. ಘಾಟ್ಕೋಪರಿನ ಖಾಸಗಿ ವಿಮಾ ಕಚೇರಿಯೊಂದರಲ್ಲಿ, ಪರಿಹಾರ ಕೇಳಿಕೊಂಡು ಬಂದವರಿಗೆ ಅರ್ಜಿ ಪರಿಶೀಲನೆಯಲ್ಲಿದೆ, ನಾಳೆ ಬನ್ನಿ ಎಂದು ಹೇಳುವುದು ಅವರ ಉದ್ಯೋಗ. ಆ ಮಾತನ್ನು ಕನ್ನಡ, ತುಳು, ಮರಾಠಿ, ಹಿಂದಿ ನಾಲ್ಕರಲ್ಲೂ ಅವರು ಹೇಳಬಲ್ಲವರಾಗಿದ್ದರಿಂದ ಕಚೇರಿಯಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು. ಆಗ ನಾನು ವಿಶ್ವವಿದ್ಯಾಲಯದಲ್ಲಿ ಧಾರಾವಾಹಿಗಳ ಸ್ತ್ರೀಪಾತ್ರಗಳನ್ನು ಕುರಿತು ಪ್ರಬಂಧ ಬರೆಯುತ್ತಿದ್ದೆ. ದಿನವೂ ಅವರೊಂದಿಗೇ ರೈಲು ಹತ್ತುತ್ತಿದ್ದೆ. ನನ್ನ ಪ್ರಬಂಧದ ಸುದ್ದಿ ಕೇಳಿ ಅವರು ಹೇಳಿದ್ದು ಇಷ್ಟೇ: "ನೀನು ಅವರನ್ನು ಬೈದು ಬರಿ ಮಗಾ. ನಾನು ಅವರನ್ನು ನಂಬಿ ಹೇಳ್ತೇನೆ. ಪಾಸ್ ಯಾರಾಗ್ತಾರೆ ನೋಡುವ."

ಆ ಡಬ್ಬಾದ ಕನ್ನಡದ ಹೆಂಗಸರೆಲ್ಲ ಸುಮೇಧಾಳ ಕಟ್ಟಾ ಅಭಿಮಾನಿಗಳು. ಅವರಲ್ಲಿ ಒಬ್ಬರೂ ಆ ಧಾರಾವಾಹಿಯನ್ನು ಕಣ್ಣಾರೆ ಕಂಡವರಲ್ಲ ಎಂಬುದು ಬೇರೆ ಮಾತು. ಬೆಳಕು ಹರಿಯುವ ಮೊದಲು ಒಲೆ ಹೊತ್ತಿಸಿ, ಕತ್ತಲಾದ ಮೇಲೆ ಮನೆ ಸೇರುವ ಈ ಹೆಂಗಸರ ಮನೆಗಳಲ್ಲಿ ಸಂಜೆಯ ಟೀವಿ ಗಂಡನ ಕ್ರಿಕೆಟ್ಟಿಗೆ, ಮಕ್ಕಳ ಹಿಂದಿ-ಮರಾಠಿಗೆ ಸೇರಿದ್ದು. ಕನ್ನಡ ಚಾನೆಲ್ ಉಳಿದಿದ್ದುದು ಗಿರಿಜಕ್ಕನ ಮನೆಯಲ್ಲಿ ಮಾತ್ರ. ಹಿಂದಿನ ಸಂಜೆ ಅವರು ನೋಡಿದ್ದನ್ನು ಮರುದಿನ ಬೆಳಿಗ್ಗೆ ಉಳಿದವರು ಬೀನ್ಸ್ ಮುರಿಯುತ್ತ ಕೇಳುತ್ತಿದ್ದರು. ದಿವಾ ಸ್ಟೇಷನ್ನಿನಲ್ಲಿ ಜನ ನುಗ್ಗುವಾಗ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಗಿರಿಜಕ್ಕ ಆಗ ಕಥೆ ನಿಲ್ಲಿಸಿ, ನೀರು ಕುಡಿದು, "ಈಗ ಜಾಹೀರಾತು" ಎಂದು ಘೋಷಿಸಿ ತಮ್ಮ ತಂಗಿ ಮಾಡಿದ ಹಲಸಿನ ಹಪ್ಪಳದ ಗುಣಗಾನ ಮಾಡುವರು.

ಕೇಳುಗರ ಮುಂದಾಳು ಕಸ್ತೂರಿಬಾಯಿ. ಹುಬ್ಬಳ್ಳಿ ಕಡೆಯವರು, ವಾಸ ಕಲ್ಯಾಣದಲ್ಲಿ. ಕಲ್ಯಾಣದಲ್ಲೇ ಹತ್ತಿ, ಸೀಟುಗಳ ಮೇಲೆ ಚೀಲ, ಛತ್ರಿ, ಟಿಫಿನ್ ಡಬ್ಬಿ ಹರಡಿ ಉಳಿದವರಿಗಾಗಿ ಯುದ್ಧ ಮಾಡುವುದು ಅವರ ಕೆಲಸ. ಅವರ ಮಗಳು ಸವಿತಾಳನ್ನು ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ದಲ್ಲಾಳಿಯಾಗಿದ್ದವನ ಮನೆಗೆ ಕೊಟ್ಟಿದ್ದರು. ಗಂಡ ಕಪಾಳಕ್ಕೆ ಹೊಡೆದ ಹೊಡೆತಕ್ಕೆ ಒಂದು ಕಿವಿ ಮಂದವಾಗಿ ಆ ಹುಡುಗಿ ತೌರಿಗೆ ಬಂದು ಕೂತಿದ್ದಳು. ತಪ್ಪಾಯಿತು ಎಂದು ಕೈಮುಗಿದರೆ ಒಳಗೆ ಬಿಟ್ಟುಕೊಳ್ಳುತ್ತೇವೆ ಎಂದು ಅಲ್ಲಿಂದ ಹೇಳಿಕಳುಹಿಸಿದ್ದರು. ತಪ್ಪು ಯಾವುದೆಂದು ಹೇಳಿರಲಿಲ್ಲ.

ಧಾರಾವಾಹಿಯಲ್ಲಿಯೂ ಅದೇ ವಾರ ಅಂಥದೇ ಗಳಿಗೆ. ಅತ್ತೆಗೆ ವಿಷ ಹಾಕಿದಳೆಂಬ ಸುಳ್ಳು ಆರೋಪ ಹೊತ್ತ ಸುಮೇಧಾ ಗೇಟಿನ ಬಳಿ ಬಟ್ಟೆಯ ಚೀಲದೊಂದಿಗೆ ನಿಂತಿದ್ದಳು. ಅತ್ತೆ ತಿಂಗಳುಗಳಿಂದ ಪ್ರಜ್ಞೆಯಿಲ್ಲದೆ, ಆದರೂ ಮೈತುಂಬ ಒಡವೆ ತೊಟ್ಟು, ಆಸ್ಪತ್ರೆಯಲ್ಲಿದ್ದಳು. ಕ್ಷಮೆ ಕೇಳಿ ಒಳಗೆ ಬಾ, ಇಲ್ಲವೇ ಹೋಗು ಎಂದಿದ್ದ ಗಂಡ. ಶುಕ್ರವಾರದ ಕಥೆ ಅಲ್ಲಿಗೆ ನಿಂತಾಗ ಕಸ್ತೂರಿಬಾಯಿ ಬೀನ್ಸಿನ ಚೀಲದಿಂದ ಮುಖವೆತ್ತದೆ ಒಂದು ಮಾತು ಹೇಳಿದರು.

"ನನಗಂತೂ ತಿಳೀದಂಗಾಗೈತಿ. ಸುಮೇಧಾ ಏನ ಮಾಡ್ತಾಳ ನೋಡೂಣು. ಆಕಿ ಒಳಗ ಹೋದ್ಲಂದ್ರ ನಮ್ಮಾಕಿನೂ ಹೋಗ್ಲಿ. ಚೀಲಾ ಎತ್ತಿದ್ಲಂದ್ರ ನಮ್ಮಾಕಿನೂ ಎತ್ತಲಿ."

ಎಲ್ಲರೂ ನಕ್ಕರು. ಕಸ್ತೂರಿಬಾಯಿ ನಗಲಿಲ್ಲ. ಗಿರಿಜಕ್ಕನೂ ನಗಲಿಲ್ಲ.

ಮುಂದೆ ನಡೆದದ್ದು ನನಗೆ ತಿಳಿದದ್ದು ಬಹಳ ತಡವಾಗಿ. ಆದರೆ ಓದುಗರನ್ನು ಸತಾಯಿಸುವುದು ಚಾನೆಲ್ಲಿನವರ ಕಸುಬು. ನಾನು ಈಗಲೇ ಹೇಳಿಬಿಡುತ್ತೇನೆ. ಆ ಸೋಮವಾರ ಸಂಜೆ ಚಾನೆಲ್ ಆ ಧಾರಾವಾಹಿಯನ್ನು ಮುಗಿಸಿತು. ಹೊಸದೊಂದಕ್ಕೆ ಆ ಸಮಯ ಬೇಕಾಗಿತ್ತಂತೆ. ಅರ್ಧ ಗಂಟೆಯೊಳಗೆ ಅತ್ತೆ ಎದ್ದು ಕೂತಳು, ನಾದಿನಿಗೆ ಪಶ್ಚಾತ್ತಾಪವಾಯಿತು, ಗಂಡ ಕಣ್ಣೊರೆಸಿಕೊಂಡ. ಸುಮೇಧಾ ಎಲ್ಲರನ್ನೂ ಕ್ಷಮಿಸಿ, ತಾನು ಮಾಡದ ತಪ್ಪಿಗೆ ಅತ್ತೆಯ ಕಾಲು ಹಿಡಿದು, ದೀಪ ಹಚ್ಚಿ ಒಳಗೆ ಹೋದಳು. ಎಲ್ಲರೂ ಸಾಲಾಗಿ ನಿಂತು ವೀಕ್ಷಕರಿಗೆ ಕೈಮುಗಿದರು.

ಮರುದಿನ ಗಿರಿಜಕ್ಕ ಹಿಡಿಕೆ ಹಿಡಿದು ನಿಂತರು. ಕಸ್ತೂರಿಬಾಯಿ ನೋಡುತ್ತಿದ್ದರು. ಗಿರಿಜಕ್ಕನ ಐದು ಬೆರಳುಗಳು ಸೆರಗಿನ ಕಡೆಗೆ ಹೋಗಿ, ಸೆರಗನ್ನು ಬಿಟ್ಟು, ಗಾಳಿಯಲ್ಲಿದ್ದ ಒಂದು ಚೀಲದ ಹಿಡಿಯನ್ನು ಗಟ್ಟಿಯಾಗಿ ಹಿಡಿದವು. ಸುಮೇಧಾ ಚೀಲ ಎತ್ತಿದಳು. ಗೇಟು ದಾಟಿದಳು. ತಿರುಗಿ ನೋಡಲಿಲ್ಲ. ಡಬ್ಬಾದಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಹೀಗೆ ಸತ್ತ ಧಾರಾವಾಹಿಯೊಂದು ಕಲ್ಯಾಣದ ಲೈನಿನಲ್ಲಿ ವರ್ಷಕ್ಕೂ ಮಿಕ್ಕಿ ಬದುಕಿತು. ಅದರ ಸ್ವರೂಪ ಮಾತ್ರ ಬದಲಾಯಿತು. ಸುಮೇಧಾ ಬಾಡಿಗೆ ಕೋಣೆ ಹುಡುಕಿದಳು. ಒಂಟಿ ಹೆಂಗಸಿಗೆ ಕೊಡುವುದಿಲ್ಲವೆಂದು ಏಜೆಂಟರು ಕಳಿಸಿದರು. ಸಿಕ್ಕ ಕೋಣೆಗೆ ಬೆಳಿಗ್ಗೆ ಮಾತ್ರ ನೀರು. ವಕೀಲರು ತಾರೀಕಿನ ಮೇಲೆ ತಾರೀಕು ಕೊಟ್ಟರು. ಒಂದು ಇಡೀ ವಾರ ಆಕೆ ಗ್ಯಾಸ್ ಸಂಪರ್ಕಕ್ಕಾಗಿ ಸರತಿಯಲ್ಲಿ ನಿಂತಿದ್ದಳು, ಹಿನ್ನೆಲೆ ಸಂಗೀತವಿಲ್ಲದೆ. ಯಾರಿಗೂ ಅನುಮಾನ ಬರಲಿಲ್ಲ. ಈಚೆಗೆ ಕಥೆ ಬಹಳ ಸುಧಾರಿಸಿದೆ, ಬರೆಯುವವರನ್ನು ಬದಲಿಸಿರಬೇಕು ಎಂದು ಮೈಸೂರಿನ ಜಯಂತಿ ಮೆಚ್ಚಿಕೊಂಡರು. ನಾನೂ, ಟೀವಿ ತೆರೆದು ನೋಡದೆಯೇ, ಆ ಕಂತುಗಳಿಂದ ಪ್ರೇರಿತಳಾಗಿ ನನ್ನ ಪ್ರಬಂಧದ ಒಂದು ಅಧ್ಯಾಯವನ್ನೇ ತಿದ್ದಿದೆ.

ಕಲ್ಯಾಣದಲ್ಲಿ ಸವಿತಾಳೂ ಗಂಡನ ಮನೆಗೆ ಹಿಂತಿರುಗದೆ ತೌರಿನಲ್ಲೇ ಚೀಲ ಇಳಿಸಿದಳು. ಭಿವಂಡಿಯ ಒಂದು ಗೋದಾಮಿನಲ್ಲಿ ಬಿಲ್ ನೋಡುವ ಕೆಲಸಕ್ಕೆ ಸೇರಿದಳು. ಕಿವಿಗೆ ಔಷಧ ಮಾಡಿಸಿದಳು. ಕೋರ್ಟಿಗೆ ಹಾಕಲೋ ಬೇಡವೋ ಎಂದು ತಾಯಿ ತಡವರಿಸಿದ ವಾರವೇ ಸುಮೇಧಾ ಅರ್ಜಿ ಹಾಕಿದಳು ಎಂಬುದನ್ನು ನಾವು ಕಾಕತಾಳೀಯವೆಂದುಕೊಂಡೆವು.

ಕೊನೆಗೆ ಇದನ್ನು ಮುರಿದವಳು ರಶ್ಮಿ. ಬೆಂಗಳೂರಿನಿಂದ ಹೊಸದಾಗಿ ಬಂದ, ಠಾಣೆಯಲ್ಲಿ ಇಳಿದು ಐರೋಲಿಯ ಐಟಿ ಕಂಪನಿಗೆ ಹೋಗುವ ಹುಡುಗಿ. ಕೆಟ್ಟವಳಲ್ಲ, ಸುಮ್ಮನೆ ಖುಷಿಪಟ್ಟಳು. "ಅಯ್ಯೋ, ಇದು ನಮ್ಮಮ್ಮನ ಫೇವರಿಟ್ ಸೀರಿಯಲ್ಲು. ಮುಗ್ದು ಒಂದು ವರ್ಷದ ಮೇಲಾಯ್ತಲ್ಲ ಆಂಟಿ?" ಎಂದು ಮೊಬೈಲಿನಲ್ಲಿ ಕೊನೆಯ ಸಂಚಿಕೆಯನ್ನೇ ತೆಗೆದಳು. ತಲೆಗೆ ತಲೆ ತಾಗಿಸಿ ಎಲ್ಲರೂ ನೋಡಿದರು. ಸುಮೇಧಾ ಅತ್ತೆಯ ಕಾಲು ಹಿಡಿದಾಗ ಕಸ್ತೂರಿಬಾಯಿ ಮೊಬೈಲಿನಿಂದ ಮುಖವೆತ್ತಿ ಗಿರಿಜಕ್ಕನ ಕಡೆಗೆ ತಿರುಗಿದರು.

"ಹಂಗಾರ ಇಷ್ಟು ದಿನಾ ನಮಗ ಸುಳ್ಳು ಹೇಳಿದಿ," ಎಂದರು ಕಸ್ತೂರಿಬಾಯಿ.

"ಅವರು ನಿಲ್ಲಿಸಿದ್ರು ಮಾರಾಯ್ತಿ. ನಾನು ನಿಲ್ಲಿಸಲಿಲ್ಲ," ಎಂದರು ಗಿರಿಜಕ್ಕ. "ದಿನ ಇಡೀ ಜನರಿಗೆ ನಾಳೆ ಬನ್ನಿ ನಾಳೆ ಬನ್ನಿ ಅಂತ ಹೇಳುವವಳು ನಾನು. ನಿನ್ನ ಮಗಳ ವಿಷಯದಲ್ಲಾದ್ರೂ ಆ ನಾಳೆ ಬರಲಿ ಅಂತ ಕಂಡಿತು."

"ನನ್ನ ಮಗಳ ಸಂಸಾರ ನಿನಗ ಸೀರಿಯಲ್ ಆತೇನು?"

ಆ ಪ್ರಶ್ನೆಯನ್ನು ಯಾರು ಯಾರಿಗೆ ಕೇಳಬೇಕಾಗಿತ್ತು ಎಂದು ನಾನು ಇಂದಿಗೂ ಯೋಚಿಸುತ್ತೇನೆ. ಮಗಳ ಬದುಕನ್ನು ಧಾರಾವಾಹಿಗೆ ಕಟ್ಟಿದವರು ಕೇಳಿದರು. ಅದನ್ನು ಬಿಡಿಸಿದವರು ತಲೆತಗ್ಗಿಸಿದರು.

ಅನಂತರದ ಶೋಕಾಚರಣೆಯನ್ನು ಬಣ್ಣಿಸದಿದ್ದರೆ ಅಭಿಮಾನಿಗಳಿಗೆ ಅನ್ಯಾಯವಾದೀತು. ವರ್ಷ ಕಳೆದ ಸಾವಿಗೆ ಅಂದು ಸೂತಕ ಶುರುವಾಯಿತು. ಜಯಂತಿ ಮೊದಲ ಸಂಚಿಕೆಯಿಂದ ಮತ್ತೆ ನೋಡುವ ವ್ರತ ಹಿಡಿದರು. ಇನ್ನೊಬ್ಬರು ಇನ್ನು ಯಾವ ಧಾರಾವಾಹಿಯನ್ನೂ ಮುಟ್ಟೆನೆಂದು ಡೊಂಬಿವ್ಲಿಯಲ್ಲಿ ಶಪಥ ಮಾಡಿ ಮುಲುಂಡಿನೊಳಗೆ ಮುರಿದರು. ಚಾನೆಲ್ಲಿಗೆ ಒಂದು ಸಾಮೂಹಿಕ ದೂರನ್ನು ರಶ್ಮಿಯ ಫೋನಿನಿಂದ ಕಳಿಸಿದರು. ನಿಮ್ಮ ಪ್ರೀತಿಗೆ ಧನ್ಯವಾದ, ಅದೇ ಸಮಯಕ್ಕೆ ಹೊಸ ಧಾರಾವಾಹಿ ನೋಡಿ ಎಂಬ ಉತ್ತರ, ಒಂದು ಕೆಂಪು ಹೃದಯದ ಸಹಿತ, ತಕ್ಷಣ ಬಂತು. ಅದರಿಂದ ಎಲ್ಲರಿಗೂ ಸಮಾಧಾನವಾಯಿತು. ಚಾನೆಲ್ಲನ್ನು ಅವರು ಅಂದೇ ಕ್ಷಮಿಸಿದರು. ಗಿರಿಜಕ್ಕನನ್ನು ಕ್ಷಮಿಸಲಿಲ್ಲ. ಕಸ್ತೂರಿಬಾಯಿಯ ಚೀಲ ಇನ್ನು ಮುಂದೆ ಅವರ ಸೀಟನ್ನು ಕಾಯಲಿಲ್ಲ.

ಆ ತಿಂಗಳೇ ಸವಿತಾಳನ್ನು ಕಳಂಬೋಲಿಗೆ ಕಳಿಸಿದರು. ನಿಜವಾದ ಸುಮೇಧಾ ಒಳಗೆ ಹೋಗಿದ್ದಳಲ್ಲ. ಗಿರಿಜಕ್ಕ ಕಸ್ತೂರಿಬಾಯಿಯ ಮನೆಯವರೆಗೆ ಹೋಗಿ, ಬೇಕಾದರೆ ನನಗೆ ಬೈ, ಹುಡುಗಿಯನ್ನು ಕಳಿಸಬೇಡ ಎಂದು ಬೇಡಿಕೊಂಡರಂತೆ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದರಂತೆ. ಮಗಳು ಹೇಗಿದ್ದಾಳೆ ಎಂದು ಡಬ್ಬಾದಲ್ಲಿ ಯಾರಾದರೂ ಕೇಳಿದರೆ ಕಸ್ತೂರಿಬಾಯಿ "ಆರಾಮ ಅದಾಳ" ಎಂದು ಹೇಳಿ ಬೀನ್ಸ್ ಮುರಿಯುತ್ತಿದ್ದರು. ಎರಡನೆಯ ಪ್ರಶ್ನೆ ಯಾರೂ ಕೇಳಲಿಲ್ಲ. ಸುಮೇಧಾಳಿಗಾಗಿ ಕರವಸ್ತ್ರ ಒದ್ದೆ ಮಾಡಿಕೊಂಡ ಈ ಮಹಿಳಾ ಸಮುದಾಯಕ್ಕೆ ಮಂದವಾದ ಕಿವಿಯೊಂದು ತೆರೆಯ ಮೇಲೆ ಕಾಣದಿದ್ದರೆ ಅದು ಇರಲೇ ಇಲ್ಲ. ಅರ್ಧ ಗಂಟೆಯಲ್ಲಿ ಎಲ್ಲರನ್ನೂ ಕ್ಷಮಿಸುವ ಹೆಣ್ಣನ್ನು ನಮ್ಮ ಮನೆಗಳಿಗೆ ಕಳಿಸಿದವರು ಯಾರು? ಜಾಹೀರಾತಿನ ಲೆಕ್ಕ ಹಾಕಿ ಅವಳನ್ನು ಒಳಗೆ ನೂಕಿದವರ ಹೆಸರು, ವಿಳಾಸ ನಮಗೇಕೆ ತಿಳಿಯುವುದಿಲ್ಲ? ಇವನ್ನು ನಾನು ನನ್ನ ಪ್ರಬಂಧದಲ್ಲಿ ಕೇಳಿದೆ. ಭಾಷೆ ಉದ್ವಿಗ್ನವಾಗಿದೆ ಎಂದು ಮಾರ್ಗದರ್ಶಕರು ಅಂಚಿನಲ್ಲಿ ಗುರುತು ಹಾಕಿದರು.

ಗಿರಿಜಕ್ಕನನ್ನು ನಾನು ಕೊನೆಯ ಸಲ ಕಂಡದ್ದು ಒಂದು ಭಾನುವಾರ, ಠಾಣೆಯಲ್ಲಿ, ಪನವೇಲ್ ರೈಲು ಹೊರಡುವ ಪ್ಲಾಟ್‌ಫಾರ್ಮಿನಲ್ಲಿ. ಕಳಂಬೋಲಿಗೆ ಹೊರಟಿದ್ದರು. ಹಿಂದಿನ ಭಾನುವಾರಗಳಲ್ಲೂ ಹೋಗಿದ್ದರಂತೆ. "ನೀವು ಅವಳಿಗೆ ಏನಾಗಬೇಕು ಅಂತ ಕೇಳಿ ಬಾಗಿಲು ಹಾಕ್ತಾರೆ ಮಗಾ. ಎಂತ ಹೇಳುವುದು? ರೈಲಿನಲ್ಲಿ ಕಥೆ ಹೇಳುವವಳು ಅಂತಲಾ?" ನಾನೂ ಹತ್ತಿದೆ. ಧಾರಾವಾಹಿ ಮುಗಿದ ಆ ಸೋಮವಾರದ ಕಥೆಯನ್ನು ಅವರು ಪೂರ್ತಿಯಾಗಿ ಹೇಳಿದ್ದು ಆ ಪ್ರಯಾಣದಲ್ಲಿ, ಕೂತುಕೊಂಡು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು.

ಅಂದು ಬಾಗಿಲು ತೆರೆಯಿತು. ಕಬ್ಬಿಣದ ಜಾಲರಿ ಬಾಗಿಲು ತೆರೆಯಲಿಲ್ಲ. ಅದರ ಹಿಂದೆ ಸವಿತಾ ಬಂದು ನಿಂತಳು. ಅವಳ ಹಿಂದೆ ಅತ್ತೆ. ಸಾಂಗ್ಲಿ ಕಡೆಯ ಮನೆತನ, ಮನೆಮಾತು ಮರಾಠಿ, ಕನ್ನಡ ತಿಳಿಯದು. ನಮ್ಮಂತೆ ಇಲ್ಲೇ ಹುಟ್ಟಿದ ಸವಿತಾ ತಾಯಿಗೂ ಮರಾಠಿಯಲ್ಲೇ ಉತ್ತರಿಸುವವಳು. ತಾನು ಸುಖವಾಗಿದ್ದೇನೆ, ಅವ್ವನಿಗೆ ಹಾಗೆಂದು ಹೇಳಿ ಎಂದು ಮರಾಠಿಯಲ್ಲಿ ಗಟ್ಟಿಯಾಗಿ ಒಪ್ಪಿಸಿದಳು. ಮಾತಾಡುವಾಗ ಚೆನ್ನಾಗಿ ಕೇಳುವ ಎಡಗಿವಿಯನ್ನು ನಮ್ಮ ಕಡೆಗೆ ತಿರುಗಿಸಿಕೊಂಡಿದ್ದಳು. ಆಮೇಲೆ, ಅದೇ ಮುಖ ಇಟ್ಟುಕೊಂಡು, ಅದೇ ಸ್ವರದಲ್ಲಿ, ಅವಳ ಬಾಯಿಂದ ನಾನು ಎಂದೂ ಕೇಳಿರದ ಕನ್ನಡದಲ್ಲಿ, "ಬುಧವಾರ ಮಧ್ಯಾಹ್ನ ಬರ್ರಿ. ಯಾರೂ ಇರೂದಿಲ್ಲ," ಎಂದಳು.

ಗಿರಿಜಕ್ಕ ಮರಾಠಿಯಲ್ಲಿ, ಬಹಳ ಸಂತೋಷ, ಸುಖವಾಗಿರು ಎಂದು ಹರಸಿ ಮೆಟ್ಟಿಲಿಳಿದರು.

ಆ ಬುಧವಾರದಿಂದ ನಮ್ಮ ಪಕ್ಕದ ಮನೆಗೆ ಬೀಗ. ಘಾಟ್ಕೋಪರಿನ ಕಚೇರಿಯಲ್ಲಿ ಈಗ ಬೇರೊಬ್ಬರು ನಾಳೆ ಬನ್ನಿ ಎನ್ನುತ್ತಾರೆ. ಸೊಸೆ ಎಲ್ಲಿ ಎಂದು ಕಳಂಬೋಲಿಯವರು ಎರಡು ಸಲ ಕಲ್ಯಾಣಕ್ಕೆ ಬಂದು ಕೂಗಾಡಿ ಹೋದರು. ಡಬ್ಬಾದಲ್ಲಿ ಸುದ್ದಿ ಹಬ್ಬಿದೆ. ದಿವಾ ದಾಟಿದೊಡನೆ ಎಲ್ಲರೂ ಇಯರ್‌ಫೋನ್ ತೆಗೆದು, ಹೊಸ ಧಾರಾವಾಹಿಯನ್ನು ಅಷ್ಟಕ್ಕೇ ನಿಲ್ಲಿಸಿ, ನನ್ನ ಸುತ್ತ ಸೇರುತ್ತಾರೆ. ಗಿರಿಜಾ ಎಲ್ಲಿ, ಹುಡುಗಿ ಎಲ್ಲಿ, ಮುಂದೇನಾಯಿತು? ಕಣ್ಣುಗಳಲ್ಲಿ ಅದೇ ಹಳೆಯ ಹೊಳಪು.

ನನಗೆ ಗೊತ್ತಿದೆ. ಇವರಿಗೆ ಹೇಳುವುದಿಲ್ಲ. ಕಸ್ತೂರಿಬಾಯಿ ಕೇಳಿದ ದಿನ ಹೇಳುತ್ತೇನೆ. ಅವರು ಕಿಟಕಿಯ ಪಕ್ಕ, ನನ್ನ ಎದುರಿನಲ್ಲೇ ಕೂರುತ್ತಾರೆ. ಇನ್ನೂ ಕೇಳಿಲ್ಲ.