ದುರ್ಗಪ್ಪನ ತಾಟು

ಹತ್ತರಗಿಯ ಭರಮವ್ವನ ಹಿರಿಯ ಸೊಸೆ ಮಯೂರಿಗೆ ಹೊಟ್ಟೆಕಿಚ್ಚು. ಅದಕ್ಕೆ ಅವಳು ಪಿತ್ತ, ತಲೆನೋವು, ಆಫೀಸಿನ ತಾಪತ್ರಯ ಎಂದೆಲ್ಲ ಹೆಸರಿಟ್ಟುಕೊಂಡಿದ್ದಳು; ನಾನು ಇಡುವುದಿಲ್ಲ. ಕಿಚ್ಚು ಯಾರ ಮೇಲೆ ಎಂದರೆ ಕಿರಿಯ ಸೊಸೆ ಪೂನಮ್ ಮೇಲೆ. ನೆಗೆಣ್ಣಿಯರು ಸೀರೆಗೆ, ಬಂಗಾರಕ್ಕೆ ಹೊಟ್ಟೆ ಉರಿಸಿಕೊಳ್ಳುವುದನ್ನು ಊರೆಲ್ಲ ನೋಡಿದೆ. ಈ ಮನೆಯಲ್ಲಿ ಮಾತ್ರ ಅದು ಕಂಪ್ಯೂಟರ್ ಕೋಡಿನ ಸಲುವಾಗಿ ಉರಿಯಿತು.

ಇಬ್ಬರೂ ಗೋಕಾಕದಲ್ಲಿ ಬಿಸಿಎ ಓದಿದವರು. ಹತ್ತರಗಿಯಲ್ಲಿ ಕೋಡು ಓದಬಲ್ಲವರು ಇವರಿಬ್ಬರೇ. ಮಯೂರಿ ದಿನಾ ಬಸ್ಸು ಹತ್ತಿ ಸಂಕೇಶ್ವರಕ್ಕೆ ಹೋಗಿ, ರಾವಸಾಹೇಬ ಎಂಬವರ ಸಣ್ಣ ಆಫೀಸಿನಲ್ಲಿ ಅಂಗಡಿಯವರಿಗೆ, ಟ್ರ್ಯಾಕ್ಟರ್ ಬಾಡಿಗೆಯವರಿಗೆ ಪ್ರೋಗ್ರಾಂ ಬರೆದು ಪಗಾರ ತರುವವಳು. ಪೂನಮ್ ಮನೆಯಲ್ಲೇ ಇದ್ದು, ಭಾಂಡಿ ತಿಕ್ಕಿ, ಕೂಸನ್ನು ಮಲಗಿಸಿ, ಪಡಸಾಲೆಯಲ್ಲಿ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಲೈಬ್ರರಿ ಬರೆಯುವವಳು.

ಲೈಬ್ರರಿ ಎಂದರೆ ಪುಸ್ತಕದ ಕಪಾಟಲ್ಲ. ಪ್ರೋಗ್ರಾಂ ಬರೆಯುವವರಿಗೆ ದಿನಬೆಳಗಾದರೆ ಬೇಕಾಗುವ ಚಿಲ್ಲರೆ ಕೆಲಸಗಳಿರುತ್ತವೆ. ಮೊಬೈಲ್ ನಂಬರು ಸರಿಯಿದೆಯೇ ನೋಡುವುದು, ಎರಡು ಸಲ ಬಂದ ಹೆಸರನ್ನು ಒಂದು ಮಾಡುವುದು, ತಾರೀಖು ಲೆಕ್ಕ ಹಾಕುವುದು. ಒಬ್ಬರು ಚೆನ್ನಾಗಿ ಬರೆದು ಇಂಟರ್ನೆಟ್ಟಿನಲ್ಲಿ ಇಟ್ಟರೆ ಯಾರು ಬೇಕಾದರೂ ಒಯ್ದು ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳಬಹುದು. ಕೋಡು ತೆರೆದೇ ಇರುತ್ತದೆ, ತಪ್ಪಿದ್ದರೆ ಓದಿ ಹೇಳಬಹುದು, ಕಾಸು ಕೊಡಬೇಕಿಲ್ಲ. ನೆರೆಮನೆಗೆ ಹೆಪ್ಪಿಗೆ ಮೊಸರು ಕೊಟ್ಟಂತೆ. ಕೊಟ್ಟವರ ಮೊಸರೇನೂ ಕಡಿಮೆಯಾಗುವುದಿಲ್ಲ.

ಪೂನಮ್ ಹೀಗೆ ಮೊಸರು ಹಂಚುತ್ತ ಕುಳಿತಳು. ಮೂಡಲಗಿಯ ಟ್ರ್ಯಾಕ್ಟರ್ ಮಾಲೀಕರು, ಕೊಲ್ಲಾಪುರದ ಹಾಲಿನ ಡೇರಿಯವರು, ಹೆಸರೂ ಗೊತ್ತಿಲ್ಲದ ದೇಶದವರು ಅವಳಿಗೆ ಉಪಕಾರವಾಯಿತೆಂದು ಬರೆಯತೊಡಗಿದರು. ಭರಮವ್ವನಿಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ, ಆದರೆ ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಚ್ಚಿ ನಿಂತಾಗ ಹೇಳದೆ ಬಿಡುತ್ತಿರಲಿಲ್ಲ.

"ನಮ್ಮ ಸಣ್ಣಾಕಿ ಬರದದ್ದು ಜರ್ಮನಿ ಮಂದೀನೂ ಬಳಸಾಕತ್ತಾರಂತ. ಭಾಳ ಶಾಣ್ಯಾಕಿ ಅದಾಳ ನಮ್ಮ ಪೂನಮ್."

ಜಾಣೆ ಎನ್ನುವ ಆ 'ಶಾಣ್ಯಾಕಿ' ಮಯೂರಿಯ ಕರುಳಿಗೆ ಚುಚ್ಚುತ್ತಿತ್ತು. ಪಗಾರ ತಂದು ಅತ್ತೆಯ ಕೈಗಿಡುವವಳು ತಾನು, ಬಸ್ಸಿನಲ್ಲಿ ಜೋತುಬಿದ್ದು ಹೋಗುವವಳು ತಾನು, ಹೊಗಳಿಕೆ ಪುಕ್ಕಟೆ ಕೆಲಸದವಳಿಗೆ! ಒಂದೇ ಒಂದು ಸಲ, ಅತ್ತೆ ತನ್ನನ್ನೂ ಶಾಣ್ಯಾಕಿ ಅನ್ನಬೇಕು. ಅದಕ್ಕಿಂತ ಹೆಚ್ಚಿಗೆ ಅವಳಿಗೆ ಈ ಜನ್ಮದಲ್ಲಿ ಬೇರೇನೂ ಬೇಕಿರಲಿಲ್ಲ. ಅದು ಸಿಗದಿದ್ದಾಗ ನೆಗೆಣ್ಣಿಯ ಜೊತೆ ಮಾತು ಕಡಿಮೆ ಮಾಡಿದಳು. "ಉಪ್ಪು ಕೊಡು", "ಬಾಗಿಲಾ ಹಾಕು", ಅಷ್ಟೇ. ಪೂನಮ್ ಲ್ಯಾಪ್‌ಟಾಪ್ ತೋರಿಸಲು ಬಂದರೆ, "ನನಗ ಆಫೀಸಿನಾಗ ನೋಡಿ ನೋಡಿ ಸಾಕಾಗೇತಿ," ಎಂದು ಮುಖ ತಿರುಗಿಸುತ್ತಿದ್ದಳು.

ಗಾಯದ ಮೇಲೆ ರಾವಸಾಹೇಬರು ಉಪ್ಪು ಸುರಿದರು. "ಟ್ರ್ಯಾಕ್ಟರ್ ಬಾಡಿಗೆ ಪ್ರೋಗ್ರಾಮಿಗೆ 'ನಾಳೆ' ಲೈಬ್ರರಿ ಹಾಕ್ರಿ ಮಯೂರಿ. ಛಲೋ ಐತಿ. ಬರದಾಕಿ ನಿಮ್ಮ ಮನ್ಯಾಕೀನ ಅಲ್ಲೇನ್ರಿ?"

"ಹೌದ್ರಿ," ಎಂದಳು ಮಯೂರಿ. ಆ 'ಹೌದ್ರಿ' ಬಾಯಿಂದ ಬರುವಷ್ಟರಲ್ಲಿ ಅವಳ ಜೀವ ಹೋಗಿ ಬಂತು.

'ನಾಳೆ' ಪೂನಮಳ ಹೆಸರುವಾಸಿ ಲೈಬ್ರರಿ. ಊರು, ತಾರೀಖು ಕೊಟ್ಟರೆ ಮುಂದಿನ ಕೆಲಸದ ದಿನ ಯಾವುದೆಂದು ಹೇಳುತ್ತದೆ. ರವಿವಾರ, ಸರಕಾರಿ ರಜೆ ಎಲ್ಲರಿಗೂ ಗೊತ್ತು. ನಮ್ಮ ಕಡೆ ಅಮಾವಾಸ್ಯೆಗೆ ನೇಗಿಲು ಹೂಡುವುದಿಲ್ಲ, ಅದೂ ಅದಕ್ಕೆ ಗೊತ್ತು. ಇನ್ನು 'ವಾರ ಹಿಡಿಯುವುದು' ಎಂದೊಂದಿದೆ. ಊರ ಹಿರಿಯರು ಕೂತು, ಇಂಥ ದಿನದಿಂದ ಐದು ಮಂಗಳವಾರ ಯಾರೂ ಹೊಲಕ್ಕೆ ಹೋಗಬಾರದು, ರೊಟ್ಟಿ ಸುಡಬಾರದು ಎಂದು ಲಕ್ಷ್ಮವ್ವನ ಹೆಸರಲ್ಲಿ ಗೊತ್ತುಮಾಡಿ ಡಂಗುರ ಸಾರಿಸುತ್ತಾರೆ. ಕೊನೆಯ ವಾರ ಹೋಳಿಗೆಯ ನೈವೇದ್ಯ. ಇದು ಯಾವ ಕ್ಯಾಲೆಂಡರಿನಲ್ಲೂ ಇರುವುದಿಲ್ಲ, ಊರಿಂದೂರಿಗೆ ಬೇರೆ. ಡಂಗುರ ಕೇಳಿದವರು ತಮ್ಮ ಊರಿನ ವಾರವನ್ನು ಸೇರಿಸಲಿ ಎಂದು ಪೂನಮ್ ಅದಕ್ಕೂ ಜಾಗ ಬಿಟ್ಟಿದ್ದಳು.

ಮಯೂರಿ ಆ ಕೋಡನ್ನು ಓದತೊಡಗಿದಳು. ಕಲಿಯುವುದಕ್ಕಲ್ಲ, ಹುಳುಕು ಹುಡುಕುವುದಕ್ಕೆ. ಅಕ್ಕಿಯಲ್ಲಿ ಹರಳು ಆರಿಸುವಂತೆ ಒಂದೊಂದು ಸಾಲು ಓದಿದಳು. ಚಂದ ಬರೆದಿದ್ದಾಳೆ ಅನ್ನಿಸಿದಾಗೆಲ್ಲ ಹಲ್ಲು ಕಚ್ಚಿದಳು.

ಒಂದು ರವಿವಾರ ಸಂಜೆ ಹತ್ತರಗಿಯಲ್ಲಿ ಡಂಗುರ ಕೇಳಿತು: ಈ ಮಂಗಳವಾರದಿಂದ ವಾರ. ಆ ಮಂಗಳವಾರವೇ ಅಮಾವಾಸ್ಯೆ ಕೂಡ. ಸೋಮವಾರ ಆಫೀಸಿಗೆ ಹೋದವಳೇ ಮಯೂರಿ ತನ್ನ ಪ್ರತಿಗೆ ಆ ವಾರವನ್ನು ಸೇರಿಸಿ ನೋಡಿದಳು. ಮುಂದಿನ ಕೆಲಸದ ದಿನ ಬುಧವಾರ ಬರಬೇಕು. 'ನಾಳೆ' ಗುರುವಾರ ಎಂದಿತು. ಒಂದೇ ದಿನ ಎರಡು ಬಿಡುವು ಬಿದ್ದರೆ ಅದು ಎರಡು ದಿನ ಮುಂದೆ ತಳ್ಳುತ್ತಿತ್ತು. ಸಿಕ್ಕಿತು ಹರಳು! ಅವಳಿಗಾದ ಖುಷಿ ಮದುವೆಯಲ್ಲೂ ಆಗಿರಲಿಲ್ಲ.

ಸ್ವಂತ ಹೆಸರಲ್ಲಿ ಬರೆದರೆ ಮನೆಯಲ್ಲಿ ಜಗಳ. ಅದಕ್ಕೆ ದುರ್ಗಪ್ಪ ಎಂಬ ಹೆಸರಿನಲ್ಲಿ ಹೊಸ ಖಾತೆ ತೆರೆದು, ಊರು ಪುಣೆ ಎಂದು ಹಾಕಿ, ಎಲ್ಲರಿಗೂ ಕಾಣುವಂತೆ ಬರೆದಳು: "ನಿಮ್ಮ ಲೈಬ್ರರಿಗೆ ಲೆಕ್ಕ ಬರುವುದಿಲ್ಲ. ಹತ್ತರಗಿಯಲ್ಲಿ ನಾಳೆ ವಾರವೂ ಹೌದು, ಅಮಾವಾಸ್ಯೆಯೂ ಹೌದು. ಬುಧವಾರದ ಬದಲು ಗುರುವಾರ ಎನ್ನುತ್ತಿದೆ. ಬರೆಯಲು ಬಾರದಿದ್ದರೆ ಬಿಟ್ಟುಬಿಡಿ."

ಸಂಜೆ ಮನೆಗೆ ಬರುವಾಗ ಪೂನಮ್ ಅಳುತ್ತಿರುತ್ತಾಳೆ ಎಂದುಕೊಂಡಿದ್ದಳು. ಪೂನಮ್ ಕುಣಿಯುತ್ತಿದ್ದಳು.

"ಅತ್ತಿ, ಇಷ್ಟ ಮಂದಿ ಒಯ್ದರು, ಛಲೋ ಐತಿ ಅಂದರು. ಒಬ್ಬರೂ ಒಳಗ ಹೊಕ್ಕು ಓದಿದ್ದಿಲ್ಲರಿ. ಈ ದುರ್ಗಪ್ಪ ಸರ್ ಪೂರಾ ಓದ್ಯಾರ!"

"ಅಂವಾ ಯಾರೋ ಭಾಳ ಶಾಣ್ಯಾ ಅದಾನ ಹಂಗಾರ," ಎಂದಳು ಭರಮವ್ವ.

ಮಯೂರಿ ಬಾಗಿಲಲ್ಲೇ ನಿಂತಳು. ವರ್ಷಗಟ್ಟಲೆ ಕಾದಿದ್ದ ಮಾತು ಬಂದಿತ್ತು, ಬಂದದ್ದು ದುರ್ಗಪ್ಪನಿಗೆ.

ಪೂನಮ್ ತಪ್ಪು ತಿದ್ದಿ, ದುರ್ಗಪ್ಪ ಸರ್‌ಗೆ ಧನ್ಯವಾದ ಬರೆದು, ಇನ್ನೊಂದು ಪ್ರಶ್ನೆ ಕೇಳಿದಳು. ಮಯೂರಿ ಸೊಕ್ಕಿನಿಂದಲೇ ಉತ್ತರ ಕೊಟ್ಟಳು, ಉತ್ತರ ಸರಿಯಾಗಿತ್ತು. ಮತ್ತೆ ಪ್ರಶ್ನೆ, ಮತ್ತೆ ಉತ್ತರ. ವಾರ ಕಳೆದಂತೆ ಬೈಗುಳ ಉದುರಿಹೋಗಿ ಕೆಲಸದ ಮಾತು ಉಳಿಯಿತು. ಊಟಕ್ಕೆ ಕೂತರೆ ಮನೆಯಲ್ಲಿ ದುರ್ಗಪ್ಪನದೇ ಸುದ್ದಿ: ದುರ್ಗಪ್ಪ ಸರ್ ಹೀಗಂದರು, ದುರ್ಗಪ್ಪ ಸರ್ ಹಾಗಂದರು. ಮಯೂರಿಗೆ ಈಗ ದುರ್ಗಪ್ಪನ ಮೇಲೂ ಹೊಟ್ಟೆಕಿಚ್ಚು ಶುರುವಾಯಿತು. ಇಲ್ಲದ ಗಂಡಸೊಬ್ಬ ತನ್ನ ತಲೆ ಖರ್ಚು ಮಾಡಿ ತನ್ನ ಅತ್ತೆಯ ಬಾಯಲ್ಲಿ ಹೊಗಳಿಸಿಕೊಳ್ಳುತ್ತಿದ್ದಾನೆ!

ಒಂದು ದಿನ ಪೂನಮ್ ಅವನಿಗೆ ಹೀಗೆ ಬರೆದಳು: "ಸರ್, ನಮ್ಮ ಮನೆಯಲ್ಲಿ ನನಗಿಂತ ಚೆನ್ನಾಗಿ ಬರೆಯುವವರೊಬ್ಬರಿದ್ದಾರೆ. ಅವರು ನನ್ನ ಕೆಲಸ ನೋಡುವುದೇ ಇಲ್ಲ. ನನಗೆ ಒಬ್ಬಳೇ ಬರೆದು ಬೇಸರವಾಗಿದೆ."

ಮಯೂರಿ ಅದನ್ನು ಆಫೀಸಿನಲ್ಲಿ ಓದಿ ಎದ್ದುಹೋಗಿ ನೀರು ಕುಡಿದು ಬಂದಳು. ಮೊದಲ ಸಲ ತನ್ನ ಬಗ್ಗೆ ನಾಚಿಕೆ ಎನಿಸಿತು. ಬೆನ್ನಿಗೇ ಸಿಟ್ಟೂ ಬಂತು: ಇಂಥ ಮಾತು ನನಗೆ ಹೇಳುವುದು ಬಿಟ್ಟು ಆ ದುರ್ಗಪ್ಪನಿಗೆ ಯಾಕೆ ಹೇಳಬೇಕು?

ಅದರ ಮರುದಿನವೇ ಆಮಂತ್ರಣ ಬಂತು. ಐದನೇ ವಾರ ಮನೆಯಲ್ಲಿ ಹೋಳಿಗೆ, ಪುಣೆ ಬಸ್ಸಿಗೆ ಬಂದರೆ ಹತ್ತರಗಿ ಹೆದ್ದಾರಿಯ ಮೇಲೇ ಇದೆ, ಊಟಕ್ಕೆ ಬನ್ನಿ. ಮಯೂರಿ ಗಾಬರಿಯಾಗಿ, ಬರಲಾಗುವುದಿಲ್ಲ, ಆರೋಗ್ಯ ಸರಿಯಿಲ್ಲ ಎಂದು ಬರೆದಳು. "ನಿಮ್ಮ ತಾಟು ಇಟ್ಟಿರುತ್ತೇವೆ," ಎಂದು ಉತ್ತರ ಬಂತು.

ಐದನೇ ಮಂಗಳವಾರ ಮಯೂರಿ ಆಫೀಸಿಗೆ ರಜೆ ಹಾಕಿದ್ದಳು. ಲಕ್ಷ್ಮವ್ವನಿಗೆ ನೈವೇದ್ಯವಾಯಿತು. ಗಂಡಸರ ಊಟ ಮುಗಿಯಿತು. ಮೂರು ಹೆಂಗಸರು ಉಳಿದಾಗ ಪೂನಮ್ ನಾಲ್ಕು ತಾಟು ಹಾಕಿದಳು. ನಾಲ್ಕನೆಯದಕ್ಕೆ ಹೋಳಿಗೆ, ಮೇಲೆ ತುಪ್ಪ, ಬಾಜೂಕ್ಕೆ ಕಟ್ಟಿನ ಸಾರು.

"ಅಂವಾ ಬಂದಿಲ್ಲಲ್ಲ ಇನ್ನೂ," ಎಂದು ಭರಮವ್ವ ಬಾಗಿಲ ಕಡೆ ನೋಡಿದಳು.

"ಬಂದಾರ್ರಿ ಅತ್ತಿ," ಎಂದು ಪೂನಮ್ ಆ ತಾಟನ್ನು ಮಯೂರಿಯ ಮುಂದೆ ಸರಿಸಿದಳು. "ಕುಂದ್ರು ಅಕ್ಕಾ. ಇದು ನಿಂದ."

ಭರಮವ್ವ ಒಬ್ಬಳ ಮುಖ, ಇನ್ನೊಬ್ಬಳ ಮುಖ ನೋಡಿದಳು.

"ಅಂದ್ರ ದುರ್ಗಪ್ಪ ಅಂದ್ರ ನೀನ ಏನ? ಒಂದ ಮನ್ಯಾಗ ಇದ್ದುಕೊಂಡು, ಬಾಜೂಕ ಕುಂತಾಕಿಗೆ ಪುಣೆದಿಂದ ಬರದಂಗ ಬರದಿಯೇನ? ಎಷ್ಟು ಶಾಣ್ಯಾಕಿ ಅದಿ ನೀ!"

ಬೈದು ಹೇಳಿದ್ದು. ಆದರೂ ಹೇಳಿದಳು. ಮಯೂರಿ ಕಣ್ಣೊರೆಸಿಕೊಂಡು ಪೂನಮಳನ್ನು ಕೇಳಿದಳು.

"ಯಾವಾಗ ಗೊತ್ತಾತು ನಿನಗ?"

"ಮೊದಲನೇ ದಿನಾನ. ರವಿವಾರ ಸಂಜಿಕ ನಮ್ಮೂರಾಗ ಡಂಗುರ ಹೊಡದದ್ದು, ಸೋಮವಾರ ಪುಣೆಯ ದುರ್ಗಪ್ಪಗ ಹೆಂಗ ಕೇಳಿತು? ನಾನಾದರೂ ಇನ್ನೂ ಆ ವಾರ ಲೈಬ್ರರಿಗೆ ಹಾಕಿದ್ದಿಲ್ಲ. ಊರಾಗ ನನ್ನ ಬಿಟ್ಟರ ಕೋಡ್ ಓದಾಕಿ ನೀ ಒಬ್ಬಾಕೀನ ಅಕ್ಕಾ." ಹೋಳಿಗೆ ಮುರಿಯುತ್ತ ಮೆಲ್ಲಗೆ ಸೇರಿಸಿದಳು: "ಗೊತ್ತಾಗೇತಿ ಅಂದಿದ್ದರ ನೀ ಮತ್ತ ಮಾತು ಬಿಡ್ತಿದ್ದಿ."

ಮಯೂರಿ ತಾಟು ಖಾಲಿ ಮಾಡಿದಳು.

ಸಂಜೆ ಇಬ್ಬರೂ ಪಡಸಾಲೆಯಲ್ಲಿ ಒಂದೇ ಲ್ಯಾಪ್‌ಟಾಪಿನ ಮುಂದೆ ಕುಳಿತರು. ಪೂನಮ್ ಧನ್ಯವಾದದ ಸಾಲಿನಲ್ಲಿದ್ದ ದುರ್ಗಪ್ಪನ ಹೆಸರು ತೆಗೆದು, 'ನಾಳೆ' ಬರೆದವರು ಎನ್ನುವ ಕಡೆ ಎರಡು ಹೆಸರು ಹಾಕಿದಳು. ಯಾರ ಹೆಸರು ಮೇಲಿದೆ ಎಂದು ಮಯೂರಿ ಕತ್ತು ಚಾಚಿ ನೋಡಿದಳು. ಅವಳದೇ ಮೇಲಿತ್ತು. ಅವಳ ಹೊಟ್ಟೆಯಲ್ಲಿ ಮತ್ತೆ ಚುರ್ ಎಂದಿತು. ಇಷ್ಟು ದೊಡ್ಡ ಮನಸ್ಸು ಕೂಡ ಇವಳಿಗೇ ಇರಬೇಕೇ?